ಬಾಗಿಲ ಕಣ್ಣು

ಗುಳುಗುಳು ಎದ್ದ ಗುಳ್ಳೆಗಳಲ್ಲಿ ಕೊನೆಯದೊಂದು ಮಾತ್ರ ಒಡೆಯದೆ ಬಾಟಲಿಯ ಒಳಮೈಗೆ ಅಂಟಿಕೊಂಡಿದೆ, ಬಟಾಣಿಯಷ್ಟು, ಅದರೊಳಗೆ ಅಡುಗೆಮನೆಯ ಕಿಟಕಿ, ಕಿಟಕಿಯಾಚೆ ಮಾರ್ಚ್ ತಿಂಗಳ ಹಳೆಯ ಹಿಮ, ಕಾಗದ ಕಾರ್ಖಾನೆಯ ಚಿಮಣಿ, ಎಲ್ಲವೂ ಅಷ್ಟರಲ್ಲೇ ಮುದುಡಿ ಕೂತಿವೆ, ಒಡೆಯಲಿ, ಇನ್ನೊಂದು ಸಲ ಊದಿದರೆ ಒಡೆಯುತ್ತದೆ — ಆದರೆ ಇದು ನಾಲ್ಕನೆಯ ಉಸಿರೋ ಐದನೆಯದೋ, ಸಿರ್ಕಾಗೆ ಎಣಿಕೆ ತಪ್ಪಿತು, ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ, ಹಾಗಂತ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ, ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ತಟ್ಟೆ ಎಣಿಸಿದವಳು ತಾನೇ ಮಾಡಿಕೊಂಡ ಕಟ್ಟಳೆ. ಮೂಗಿನಿಂದ ಒಳಗೆ, ನಿಧಾನ, ಪಕ್ಕೆ ಅಗಲವಾಗಬೇಕು, ಭುಜ ಮೇಲೇಳಬಾರದು, ಆಮೇಲೆ ಬೆರಳು ದಪ್ಪದ ಕೊಳವೆಯನ್ನು ತುಟಿಯಲ್ಲಿ ಹಿಡಿದು ಒಂದೇ ಸಮನೆ ಹೊರಗೆ, ಬಾಟಲಿಯಲ್ಲಿ ಅಂಗೈ ಎತ್ತರದ ನೀರು, ಆ ನೀರನ್ನು ತಳ್ಳಿಕೊಂಡು ಗಾಳಿ ಮೇಲೆ ಬರಬೇಕು, ಹಾಗೆ ತಳ್ಳುವಾಗ ಅಂಟಿಕೊಂಡು ಮುಚ್ಚಿಹೋದ ಶ್ವಾಸಕೋಶದ ಮೂಲೆಗಳು ಒಂದೊಂದಾಗಿ ತೆರೆದುಕೊಳ್ಳುತ್ತವಂತೆ, ಪಿಯಾ ಹೇಳಿದ್ದು, ಉಸಿರಿನ ವ್ಯಾಯಾಮ ಕಲಿಸುವ ದಪ್ಪ ತೋಳಿನ ಪಿಯಾ, ಮಂಚದ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, ಏನ್ರೀ ಇದು, ಸೂಪು ಆರಿಸ್ತಾ ಇದೀರಾ, ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದ ಎದೆ ಇದು, ಇಷ್ಟೇನಾ ಗಾಳಿ ಇರೋದು, ಊದಿ, ಊದಿ, ಹಾಂ ಹಾಗೆ. ಒಂದು. ಎದೆಯ ನಟ್ಟನಡುವಿನ ಹೊಲಿಗೆ ಅಂಗಿಯ ಕೆಳಗೆ ಜಗ್ಗುತ್ತದೆ. ಎರಡು. ಕಾಲಿನಿಂದ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿ, ಸೀಳಿದ ಎಲುಬನ್ನು ಉಕ್ಕಿನ ತಂತಿಯಲ್ಲಿ ಕಟ್ಟಿ ಇವತ್ತಿಗೆ ಹನ್ನೆರಡು ದಿನ, ಮನೆಗೆ ಬಂದು ಐದು, ಎಚ್ಚರವಿರುವ ಪ್ರತಿ ಗಂಟೆಗೂ ಹತ್ತು ಹತ್ತರ ಮೂರು ಸುತ್ತು. ಮೂರು. ಹನ್ನೊಂದಾಯಿತು. ಹನ್ನೆರಡಕ್ಕೆ ಫೋನು ಬರುತ್ತದೆ. ನಾಲ್ಕು, ಇದು ಖಂಡಿತ ನಾಲ್ಕು, ಹನ್ನೆರಡಕ್ಕೆ ಫೋನು ಬರುತ್ತದೆ, ಬಂದಾಗ ಈ ಮನೆಯಲ್ಲಿ ಐಲಾ ಇರಬೇಕು.

ಹತ್ತು. ಬಾಟಲಿ ಕೆಳಗಿಡು. ಸ್ವಲ್ಪ ಸುಧಾರಿಸಿಕೋ. ಐಲಾ ಈ ಮನೆಗೆ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕಾಲಿಟ್ಟವಳಲ್ಲ, ಎದುರು ಬಾಗಿಲು, ನಡುವೆ ಮೆಟ್ಟಿಲ ಮೇಲಿನ ನಾಲ್ಕು ಹೆಜ್ಜೆ ಜಾಗ, ಅಷ್ಟೆ, ಹಾಗಿದ್ದೂ ಆ ಹೆಸರು ಹೇಗೆ ಬಾಯಿಗೆ ಬಂತು ಅಂತ ಸಿರ್ಕಾಗೆ ಈಗಲೂ ತಿಳಿಯುವುದಿಲ್ಲ, ಬಿಡುಗಡೆಯ ದಿನ ನರ್ಸ್ ಹೆಟಾ ಕಾಗದ ಹಿಡಿದು ಮಂಚದ ಅಂಚಿನಲ್ಲಿ ಕೂತು ಕೇಳಿದಾಗ, ಮನೇಲಿ ಯಾರಿದಾರೆ, ಮೊದಲ ಎರಡು ವಾರ ಒಬ್ಬರೇ ಇರೋ ಹಾಗಿಲ್ಲ, ಹಾಲಿನ ಡಬ್ಬಿ ಎರಡು ಒಟ್ಟಿಗೆ ಎತ್ತೋ ಹಾಗಿಲ್ಲ, ಭಾರದ ಬಾಗಿಲು ನೂಕೋ ಹಾಗಿಲ್ಲ, ಯಾರಿದಾರೆ, ಸಿರ್ಕಾ ಕಿಟಕಿ ನೋಡಿದಳು, ಕಿಟಕಿಯಲ್ಲಿ ಏನೂ ಇರಲಿಲ್ಲ, ಐಲಾ ಅಂದಳು, ಐಲಾ ಕೊರ್ಪೆಲಾ, ಎದುರು ಮನೆ, ದಿನಾ ಬರ್ತಾಳೆ. ಅಕ್ಕ ತಂಗಿ ಥರ ಅನ್ನಿ, ಹೆಟಾ ಬರೆದುಕೊಳ್ಳುತ್ತ ನಕ್ಕಳು. ಹ್ಞೂಂ, ಹಾಗೇ. ಇಷ್ಟು ಸಲೀಸಾಗಿ ಬರುವ ಸುಳ್ಳು ಎಪ್ಪತ್ತೊಂದು ವರ್ಷ ಎಲ್ಲಿ ಅಡಗಿತ್ತೋ. ನಿಜ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿತ್ತು, ಊರಿನ ಆರೋಗ್ಯ ಕೇಂದ್ರದ ಹಿಂದಿನ ಉದ್ದ ವಾರ್ಡು, ಅಮ್ಮ ಹನ್ನೊಂದು ತಿಂಗಳು ಮಲಗಿದ್ದ ವಾರ್ಡು, ಕದವೇ ಇಲ್ಲದ ಕೋಣೆ, ನಾಲ್ಕು ಮಂಚ, ಆರಕ್ಕೆ ಗಂಜಿ ಏಳಕ್ಕೆ ಮಾತ್ರೆ, ಕಾರಿಡಾರಿನಲ್ಲಿ ಯಾರ ಹೆಜ್ಜೆ ಸದ್ದಾದರೂ ಅಮ್ಮ ತಲೆಯೆತ್ತಿ, ನೋಡೇ, ಯಾರೋ ಬಂದ್ರು, ಯಾರೂ ಇಲ್ಲಮ್ಮ, ಮಲಕ್ಕೋ, ಬಂದ್ರು ಕಣೇ, ಹೋಗಿ ನೋಡೇ. ಅಲ್ಲಿಗೆ ಮಾತ್ರ ಬೇಡ. ಅದಕ್ಕಿಂತ ಇಲ್ಲಿ, ಈ ಮೇಜು, ಈ ಬಾಟಲಿ, ಆಪರೇಷನ್ನಿಗೆ ಮೊದಲೇ ಮಾಡಿ ಚೀಟಿ ಅಂಟಿಸಿ ಫ್ರೀಜರಿನಲ್ಲಿಟ್ಟ ಹದಿನಾಲ್ಕು ಡಬ್ಬಿ ಮೀನಿನ ಸೂಪು, ಶುಕ್ರವಾರ, ಶನಿವಾರ, ಭಾನುವಾರ, ಒಬ್ಬಳಿಗೆ ಎಷ್ಟು ಬೇಕೋ ಅಷ್ಟು. ಆದರೆ ನಿನ್ನೆ ಹೆಟಾ ಫೋನು ಮಾಡಿದಳು, ಕೆಮ್ಮಿದ್ದು ಕೇಳಿಸಿಬಿಟ್ಟಿತು, ಜ್ವರ ನೋಡಿದ್ರಾ, ನೋಡಿದೆ, ಎಷ್ಟಿತ್ತು, ಸಿರ್ಕಾ ಥರ್ಮಾಮೀಟರನ್ನು ಅದರ ಡಬ್ಬಿಗೆ ಹಾಕಿದಳು, ಸಿರ್ಕಾ ಅವ್ರೇ ಎಷ್ಟಿತ್ತು, ಮೂವತ್ತೇಳು ಪಾಯಿಂಟ್ ಎಂಟು, ಏನಿಲ್ಲ, ಚೆನ್ನಾಗೇ ಇದೀನಿ. ನೋಡಿ, ನೀವೆಲ್ಲ ಸಾಯ್ತಾ ಇದ್ರೂ ಚೆನ್ನಾಗಿದೀನಿ ಅನ್ನೋ ಜಾತಿ, ನನ್ನಮ್ಮನೂ ಅದೇ, ನಿಮ್ಮ ಮಾತು ನನಗೆ ಬೇಡ, ನಾಳೆ ಹನ್ನೆರಡಕ್ಕೆ ಸರಿಯಾಗಿ ಮಾಡ್ತೀನಿ, ಫೋನು ಐಲಾ ಕೈಲಿ ಕೊಡಿ, ತುಟಿ ನೀಲಿ ಆಗಿದ್ಯಾ, ಗಂಟೆಗಂಟೆಗೂ ಊದ್ತಿದೀರಾ, ರಾತ್ರಿ ಹೇಗಿದ್ರಿ, ಎಲ್ಲ ಅವ್ರನ್ನೇ ಕೇಳ್ತೀನಿ, ಅವ್ರಿಲ್ಲ ಅಂದ್ರೆ ಮಾತೇ ಇಲ್ಲ, ಗಾಡಿ ಕಳಿಸ್ತೀನಿ, ಎರಡು ವಾರ ವಾರ್ಡು.

ಐಲಾ ಅಂಗಡಿಗೆ ಹೋಗಿದ್ದಾಳೆ. ಐಲಾ ಸ್ನಾನ ಮಾಡ್ತಿದ್ದಾಳೆ. ಐಲಾಗೆ ಕಿವಿ ಕೇಳಿಸಲ್ಲ. ರಾತ್ರಿಯೆಲ್ಲ ಅಂಗಾತ ಮಲಗಿ, ಮಗ್ಗುಲಾಗುವ ಹಾಗಿಲ್ಲ, ಇಂಥವನ್ನು ಒಂದೊಂದೇ ಹೊಸೆದು ಒಂದೊಂದೇ ಬಿಸಾಕಿದ್ದಾಯಿತು, ಕೊನೆಗೆ ಉಳಿದದ್ದು ಒಂದೇ ದಾರಿ, ನಾಲ್ಕು ಹೆಜ್ಜೆಯ ದಾರಿ, ಹೋಗಿ ಗಂಟೆ ಒತ್ತುವುದು. ಹೋಗಿ ಗಂಟೆ ಒತ್ತುವುದು, ಎಷ್ಟು ಸಣ್ಣ ಕೆಲಸ, ಜನ ಒತ್ತುತ್ತಾರೆ, ಆದರೆ ಈ ಕಟ್ಟಡದಲ್ಲಿ ಯಾರು ಯಾರ ಗಂಟೆ ಒತ್ತಿದ್ದಾರೆ, ಇಲ್ಲಿ ಹೊರಗೆ ಹೋಗುವ ಮೊದಲು ಎಲ್ಲರೂ ಕೋಟು ತೊಟ್ಟು ಬೂಟು ಕಟ್ಟಿ ಬೀಗದ ಕೈ ಹಿಡಿದು ಬಾಗಿಲ ಹಿಂದೆ ನಿಲ್ಲುತ್ತಾರೆ, ಬಾಗಿಲ ಕಣ್ಣಿಗೆ, ಆ ಗುಂಡು ಗಾಜಿನ ತೂತಿಗೆ ಕಣ್ಣಿಟ್ಟು ನೋಡುತ್ತಾರೆ, ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿದರೆ ಕಾಯುತ್ತಾರೆ, ಅವರು ಇಳಿದು ಹೋಗಲಿ, ಕೆಳಗಿನ ದೊಡ್ಡ ಬಾಗಿಲು ದಢ್ ಅನ್ನಲಿ, ಆಮೇಲೆ ಹೊರಗೆ. ದ್ವೇಷವಲ್ಲ, ಬಿಂಕವೂ ಅಲ್ಲ, ಒಬ್ಬರನ್ನು ಇನ್ನೊಬ್ಬರು ಮಾತಾಡಿಸಬೇಕಾದ ಕಷ್ಟಕ್ಕೆ ಸಿಕ್ಕಿಸಬಾರದು ಅನ್ನುವ ದಾಕ್ಷಿಣ್ಯ, ಹಾಗಂತ ಸಿರ್ಕಾ ತಿಳಿದಿದ್ದಳು. ಅಮ್ಮ ಕಲಿಸಿದ್ದು. ಕಾರ್ಖಾನೆಯ ಸಾಲುಮನೆ, ಒಲೆಯ ಹಿಂದಿನ ಕತ್ತಲೆ ಸಂದಿ, ಅಪ್ಪ ಕುಡಿದು ಬೆಂಚಿನ ಮೇಲೆ ಬಿದ್ದಿದ್ದಾನೆ, ಬಾಗಿಲು ಬಡಿಯುತ್ತದೆ, ಪಕ್ಕದ ಮನೆಯವಳೋ ಚರ್ಚಿನ ಹೆಂಗಸೋ, ಅಮ್ಮ ಸಿರ್ಕಾಳನ್ನು ಸೊಂಟಕ್ಕೆ ಒತ್ತಿಕೊಂಡು ಬಾಯಿಯ ಮೇಲೆ ಅಂಗೈ ಇಡುತ್ತಾಳೆ, ಹಿಟ್ಟಿನ ವಾಸನೆಯ ಅಂಗೈ, ಉಸಿರು ಬಿಡ್ಬೇಡ, ಹೋಗ್ತಾರೆ, ಎರಡು ಸಲ ಬಡೀತಾರೆ, ಮೂರನೇ ಸಲ ಬಡಿಯೋರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಟಕ್ ಟಕ್. ತಡೆದು, ಟಕ್ ಟಕ್. ಆಮೇಲೆ ಹಿಮದ ಮೇಲೆ ಬೂಟಿನ ಕರಕರ ದೂರವಾಗುತ್ತದೆ, ಅಮ್ಮನ ಅಂಗೈ ಸಡಿಲವಾಗುತ್ತದೆ, ನೋಡಿದ್ಯಾ, ಹೋದ್ರು. ಪಿಯಾ ಎರಡನೆಯ ದಿನವೇ ಕಂಡುಹಿಡಿದಳು, ನೀವು ಉಸಿರು ಹಿಡ್ಕೊಳ್ತೀರ, ಏಳೋವಾಗ ಹಿಡ್ಕೊಳ್ತೀರ, ಕೂರೋವಾಗ ಹಿಡ್ಕೊಳ್ತೀರ, ಯಾರಾದ್ರೂ ಕೋಣೆಗೆ ಬಂದ್ರೂ ಹಿಡ್ಕೊಳ್ತೀರ, ಎಲ್ಲಿ ಕಲಿತ್ರಿ ಇದನ್ನ, ಬಿಡಿ, ಹಿಡಿದ ಗಾಳಿ ಒಳಗೇ ಕೊಳೆಯತ್ತೆ.

ಎರಡನೆಯ ಸುತ್ತು. ಒಂದು. ಬಟಾಣಿಯಷ್ಟು ಗುಳ್ಳೆ ಒಡೆಯಿತು, ಎಲ್ಲಿ ಹೋಯಿತು ಅಂತಲೂ ಗೊತ್ತಾಗಲಿಲ್ಲ. ಎರಡು. ಐಲಾಳ ಬಗ್ಗೆ ಅವಳಿಗೆ ಗೊತ್ತಿದ್ದದ್ದು ನೆಲಮಾಳಿಗೆಯ ಸೌನಾದಿಂದ, ಇಡೀ ಕಟ್ಟಡಕ್ಕೆ ಒಂದೇ ಬಿಸಿಕೋಣೆ, ಮನೆಗೊಂದು ಪಾಳಿ, ಬುಧವಾರ ಆರರಿಂದ ಏಳು ಸಿರ್ಕಾಳದು, ಏಳರಿಂದ ಎಂಟು ಐಲಾ ಮತ್ತು ಅವಳ ಗಂಡ ತೌನೊ, ಆರೂ ಐವತ್ತಕ್ಕೆ ಸಿರ್ಕಾ ಕೊನೆಯ ಸೌಟು ನೀರನ್ನು ಕಾದ ಕಲ್ಲಿಗೆ ಎರಚಿ, ಬಕೀಟಿಗೆ ಹೊಸ ನೀರು ತುಂಬಿಟ್ಟು, ಹಲಗೆ ತೊಳೆದು ಮೇಲೆ ಬರುತ್ತಿದ್ದಳು, ಮೆಟ್ಟಿಲಲ್ಲಿ ಎದುರಾಗದ ಹಾಗೆ, ಅವರೂ ಅಷ್ಟೆ, ಇವಳ ಬಾಗಿಲು ಮುಚ್ಚಿದ ಸದ್ದಾದ ಮೇಲೆ ಇಳಿಯುತ್ತಿದ್ದರು, ಅವಳು ಕೂತೆದ್ದ ಹಲಗೆಯ ಬಿಸಿಯ ಮೇಲೆ ಹೋಗಿ ಕೂರುತ್ತಿದ್ದರು. ನಾಲ್ಕು, ಐದು. ಹದಿನಾರು ವರ್ಷ. ಜೂನ್ ಬಂದರೆ ಒಂದು ಬುಧವಾರ ಬಟ್ಟೆ ಬಿಚ್ಚುವ ಕೋಣೆಯ ಗೂಟದಲ್ಲಿ ಬರ್ಚ್ ಮರದ ಹಸಿ ಎಲೆಕೊಂಬೆಗಳ ಸಿವುಡು ತೂಗುತ್ತಿತ್ತು, ಬೆವರುವ ಮೈಗೆ ಬಡಿದುಕೊಳ್ಳಲು, ದಾರದ ಬದಲು ಬರ್ಚಿನದೇ ಎಳೆಕೊಂಬೆಯಿಂದ ಬಿಗಿದದ್ದು, ಹೆಸರು ಇಲ್ಲ, ಚೀಟಿ ಇಲ್ಲ, ಆದರೆ ಅವಳ ಗೂಟಕ್ಕೇ. ಅದಕ್ಕೆ ಬದಲಾಗಿ ಅವಳೂ ಡಿಸೆಂಬರಿನಲ್ಲಿ ಒಂದು ಡಬ್ಬಿ ಶುಂಠಿ ಬಿಸ್ಕತ್ತನ್ನು ಹಲಗೆಯ ತುದಿಯಲ್ಲಿ ಮರೆತವಳ ಹಾಗೆ ಬಿಟ್ಟು ಬರುತ್ತಿದ್ದಳು, ಖಾಲಿ ಡಬ್ಬಿ ತೊಳೆದು ಒರೆಸಿ ವಾಪಸು ಅಲ್ಲೇ. ಏಳು. ಅದನ್ನು ಸ್ನೇಹ ಅನ್ನಬಹುದೋ ಇಲ್ಲವೋ. ಮದುವೆ ಅಂತ ಆಗಲಿಲ್ಲ, ಯಾಕೆ ಅಂತ ಕೇಳಿದವರೂ ಇಲ್ಲ, ಲೆಕ್ಕ ಹಾಕಿದರೆ ಈ ಊರಿನಲ್ಲಿ ಅವಳಿಗಾಗಿ ಯಾರಾದರೂ ಕೈಯಿಂದ ಏನಾದರೂ ಕಟ್ಟಿದ್ದು ಅದೊಂದೇ, ಆ ಸಿವುಡು. ಎಂಟು. ಒಂಬತ್ತರಲ್ಲಿ ಕೆಮ್ಮು ಬಂತು, ದಿಂಬು, ದಿಂಬು ಎಲ್ಲಿ, ಎದೆಗೆ ದಿಂಬನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೆಮ್ಮಬೇಕು, ಇಲ್ಲದಿದ್ದರೆ ಒಳಗಿನ ತಂತಿ ಕಿತ್ತುಬಂದ ಹಾಗಾಗುತ್ತದೆ, ಅಮ್ಮ ಕಸೂತಿ ಹಾಕಿದ ಹಳೆಯ ಸೋಫಾ ದಿಂಬು, ಅದನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೆಮ್ಮಿದಳು, ಕಫ ಹಳದಿ, ಹಣೆಯಲ್ಲಿ ಬೆವರು, ಹನ್ನೊಂದೂ ಇಪ್ಪತ್ತು.

ಬೇಡವೆಂದರೂ ಬಂತು, ಬರಲಿ, ಫೆಬ್ರವರಿಯ ಮಂಗಳವಾರ, ಮೂರು ವರ್ಷದ ಹಿಂದೆ, ಮಧ್ಯಾಹ್ನ ಒಂದೂವರೆ. ಅಂಗಡಿಯಿಂದ ಆಗತಾನೆ ಬಂದಿದ್ದಳು, ಬೂಟು ಬಿಚ್ಚಿದ್ದಳು, ಕೋಟು ಬಿಚ್ಚಿರಲಿಲ್ಲ, ಕೈಯಲ್ಲಿ ಹಾಲಿನ ಡಬ್ಬಿ, ನಡುಮನೆಯ ದೀಪ ಉರಿಯುತ್ತಿತ್ತು — ದೀಪ ಉರಿಯುತ್ತಿತ್ತು, ಅದು ಮುಖ್ಯ, ಅವತ್ತು ಮುಖ್ಯ ಅಂತ ಗೊತ್ತಿರಲಿಲ್ಲ — ಗಂಟೆ ಹೊಡೆಯಿತು. ವರ್ಷಕ್ಕೆ ಎರಡೋ ಮೂರೋ ಸಲ ಹೊಡೆಯುವ ಗಂಟೆ. ಕಾಲುಬೆರಳ ಮೇಲೆ ನಡೆದು ಬಾಗಿಲ ಕಣ್ಣಿಗೆ ಕಣ್ಣಿಟ್ಟಳು, ಆಚೆ ಐಲಾ, ಗಾಜಿನಲ್ಲಿ ಮುಖ ಊದಿ ಮೀನಿನ ಮುಖದ ಹಾಗೆ, ಬಾಯಿ ಅರ್ಧ ತೆರೆದಿದೆ, ಕೆಳಗೆ ಕಾಲು ಪುಟ್ಟದಾಗಿ ಬಹಳ ದೂರದಲ್ಲಿ, ಬೂದು ಉಣ್ಣೆಯ ಕಾಲುಚೀಲ, ಬೂಟಿಲ್ಲ, ಒಂದರ ಮುಂಗಾಲಿನಲ್ಲಿ ಕೆಂಪು ದಾರದ ತೇಪೆ. ಬೂಟಿಲ್ಲದೆ ಯಾರಾದರೂ ಬಾಗಿಲಾಚೆ ಬರುತ್ತಾರೆಯೇ, ಆಗಲೇ ತಿಳಿಯಬೇಕಿತ್ತು, ತಿಳಿಯಿತು ಕೂಡ, ತಿಳಿಯಲಿಲ್ಲ ಅಂತ ಈಗ ಯಾರ ಮುಂದೆ ಹೇಳುವುದು, ಈ ಮನೆಯಲ್ಲಿ ಯಾರಿದ್ದಾರೆ. ಎರಡನೆಯ ಸಲ ಗಂಟೆ. ಆಮೇಲೆ ಹೆಸರು, ಸಿರ್ಕಾ, ಐಲಾ ಅವಳ ಹೆಸರು ಕರೆದದ್ದು ಅದೇ ಮೊದಲು, ಜೋರಾಗಿ ಅಲ್ಲ, ನೋವಾದವರು ಕರೆಯುವ ಹಾಗೆ, ಸಿರ್ಕಾ, ಇದೀಯಾ. ಎಲ್ಲಿಂದಲೋ ಹಿಟ್ಟಿನ ವಾಸನೆಯ ಅಂಗೈ ಬಂದು ಬಾಯಿಯ ಮೇಲೆ ಕೂತಿತು. ಉಸಿರು ಬಿಡ್ಬೇಡ, ಹೋಗ್ತಾರೆ. ಹಾಲಿನ ಡಬ್ಬಿಯ ತಣ್ಣಗಿನ ನೀರು ಅಂಗೈಯಿಂದ ಮುಂಗೈಗೆ ಇಳಿಯಿತು, ಅವಳು ಉಸಿರು ಬಿಡಲಿಲ್ಲ, ಎಷ್ಟು ಹೊತ್ತು, ಹತ್ತು ಎಣಿಸುವಷ್ಟು, ಇಪ್ಪತ್ತು, ಐಲಾ ಬಾಗಿಲ ಕಣ್ಣನ್ನೇ ನೇರವಾಗಿ ನೋಡುತ್ತ ನಿಂತಿದ್ದಳು, ಆಮೇಲೆ ತಿರುಗಿ ಮೆಟ್ಟಿಲಿಳಿದಳು, ಕಾಲುಚೀಲಕ್ಕೆ ಸದ್ದಿಲ್ಲ. ಕೆಳಗೆಲ್ಲೋ ಬಾಗಿಲು ಬಡಿದ ಸದ್ದು, ಮತ್ತೊಂದು ಬಾಗಿಲು, ಕೊನೆಗೆ ಯಾರದೋ ಗಂಡಸಿನ ದನಿ, ಓಡಿದ ಹೆಜ್ಜೆ, ಅರ್ಧ ಗಂಟೆಗೆ ಆಂಬುಲೆನ್ಸು. ಮಂಚಕ್ಕೂ ಗೋಡೆಗೂ ನಡುವೆ ಬಿದ್ದ ತೌನೊನನ್ನು ಎತ್ತಲು ಐಲಾಗೆ ಇನ್ನೆರಡು ಕೈ ಬೇಕಿತ್ತು, ಫೋನು ಅವನ ಮೈಯ ಕೆಳಗೆ ಸಿಕ್ಕಿತ್ತಂತೆ, ಇವೆಲ್ಲ ಆಮೇಲೆ ತಿಳಿದದ್ದು, ಅವರಿವರು ಅಂಗಡಿಯ ಸಾಲಿನಲ್ಲಿ ಆಡಿದ್ದು. ಅಡುಗೆಮನೆಯ ಪರದೆಯ ಹಿಂದಿನಿಂದ ಸಿರ್ಕಾ ನೋಡಿದಳು, ಕುರ್ಚಿಯಂಥದರಲ್ಲಿ ಕಟ್ಟಿ ಇಳಿಸಿದರು, ಒಂದು ಕೈ ಜೋತಾಡುತ್ತಿತ್ತು. ಗುರುವಾರ ಹೋದ. ಎಷ್ಟು ನಿಮಿಷ ತಡವಾಗಿದ್ದೀತು, ಮೂರೇ, ಐದೇ, ಐದು ನಿಮಿಷದಲ್ಲಿ ಏನಾಗುತ್ತದೆ ಅಂತ ಅವಳಿಗೆ ಆಗ ಗೊತ್ತಿರಲಿಲ್ಲ, ಈಗ ಎದೆ ಸೀಳಿಸಿಕೊಂಡ ಮೇಲೆ ಗೊತ್ತು. ಮೆಟ್ಟಿಲ ಕೆಳಗಿನ ಫಲಕದಲ್ಲಿ ಸಂತಾಪದ ಕಾರ್ಡು ಇಟ್ಟಿದ್ದರು, ನಾಲ್ಕನೆಯ ಹೆಸರಾಗಿ ಸಹಿ ಮಾಡಿದಳು, ದುಂಡಗಿನ ಅಕ್ಷರದಲ್ಲಿ.

ಅವತ್ತು ನಾನು ಮನೆಯಲ್ಲಿ ಇರಲಿಲ್ಲ ಅಂತ ಅವಳು ತಿಳಿದುಕೊಂಡಿದ್ದಾಳೆ, ಹೀಗೆ ಎಂಟು ತಿಂಗಳು ಸಿರ್ಕಾ ನೆಮ್ಮದಿಯಾಗಿ ನಂಬಿದ್ದಳು. ಐಲಾ ಸೌನಾದ ಪಾಳಿಯನ್ನು ಬುಧವಾರದಿಂದ ಶನಿವಾರಕ್ಕೆ ಬದಲಾಯಿಸಿಕೊಂಡಳು, ಒಂಟಿ ಹೆಂಗಸಿಗೆ ಶನಿವಾರವೇ ಅನುಕೂಲವೇನೋ. ಜೂನಿನಲ್ಲಿ ಗೂಟ ಬರಿದಾಗಿತ್ತು, ಪಾಪ, ಕಾಡಿಗೆ ಹೋಗಿ ಕೊಂಬೆ ಕಡಿಯುವವನು ತೌನೊ ಅಲ್ಲವೇ, ಅವನಿಲ್ಲ. ಎಲ್ಲದಕ್ಕೂ ಒಂದೊಂದು ಸಮಾಧಾನ ಇತ್ತು, ಚೀಟಿ ಅಂಟಿಸಿದ ಡಬ್ಬಿಗಳ ಹಾಗೆ. ಅಕ್ಟೋಬರಿನ ಒಂದು ಮಧ್ಯಾಹ್ನ ಸಿರ್ಕಾ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು, ಐಲಾಳ ಮನೆ ದಕ್ಷಿಣಕ್ಕೆ, ಅಡುಗೆಮನೆಯ ಕಿಟಕಿಯ ಬಿಸಿಲು ನೇರ ಬಾಗಿಲವರೆಗೆ ಬರುತ್ತದೆ, ಕಂದು ಬಾಗಿಲಿನ ನಡುವೆ ಬಾಗಿಲ ಕಣ್ಣು ಒಂದು ಬೆಳಕಿನ ಮಣಿಯಾಗಿ ಹೊಳೆಯುತ್ತಿತ್ತು, ಬಟಾಣಿಗಿಂತ ಚಿಕ್ಕದು, ಎಂದೂ ಗಮನಿಸಿರಲಿಲ್ಲ, ಚೆಂದ ಅನ್ನಿಸಿತು, ಬೀಗದ ಕೈ ತೆಗೆಯುತ್ತ ನೋಡುತ್ತಿದ್ದ ಹಾಗೇ ಮಣಿ ಆರಿಹೋಯಿತು. ಕಪ್ಪು. ಯಾರೋ ಒಳಗಿನಿಂದ ಕಣ್ಣಿಟ್ಟರು. ಅಷ್ಟೆ, ಒಳಗೆ ಬೆಳಕಿದ್ದು ಒಬ್ಬರು ಬಂದು ಕಣ್ಣಿಟ್ಟರೆ ಹೊರಗಿನವರಿಗೆ ಮಣಿ ಕಪ್ಪಾಗುತ್ತದೆ, ಒಂಟಿಯಾಗಿ ಇರುವವಳಿಗೆ ತನ್ನ ಬಾಗಿಲಿನ ಮಣಿ ಕಪ್ಪಾಗುವುದನ್ನು ನೋಡುವ ಸಂದರ್ಭವೇ ಬರುವುದಿಲ್ಲ, ಅದಕ್ಕೇ ಗೊತ್ತಿರಲಿಲ್ಲ. ಆ ಫೆಬ್ರವರಿಯ ಮಧ್ಯಾಹ್ನ ತನ್ನ ನಡುಮನೆಯ ದೀಪ ಉರಿಯುತ್ತಿತ್ತು. ಚೀಲ ಕೈಯಿಂದ ಜಾರಿತು, ಆಲೂಗಡ್ಡೆ ಒಂದೊಂದಾಗಿ ಮೆಟ್ಟಿಲಿಳಿದವು, ದಡ್, ದಡ್, ಆ ಕಪ್ಪು ಮಣಿ ಅವಳನ್ನು ನೋಡುತ್ತಲೇ ಇತ್ತು. ಐಲಾ ಆವತ್ತು ಎರಡನೆಯ ಗಂಟೆಗೂ ಮೊದಲೇ ನೋಡಿದ್ದಳು, ಬೆಳಕು ಇತ್ತು, ಕಪ್ಪಾಯಿತು, ಆ ಕಪ್ಪನ್ನೇ ನೋಡುತ್ತ ಅವಳು ಹೆಸರು ಹಿಡಿದು ಕರೆದಿದ್ದಳು, ಇದೀಯಾ ಅಂತ ಕೇಳಿದ್ದು ಇದ್ದಾಳೆಂದು ಗೊತ್ತಿದ್ದೇ.

ಮೂರನೆಯ ಸುತ್ತು. ಊದು. ನೀರು ಕುದಿಯುತ್ತದೆ, ಒಂದು, ಎರಡು, ಉಸಿರು ಅರ್ಧಕ್ಕೇ ನಿಲ್ಲುತ್ತದೆ, ಎಡಗಡೆ ಬೆನ್ನಿನಲ್ಲಿ ಚುಚ್ಚುತ್ತದೆ, ಹೆಟಾ ಹೆದರುವುದು ಸುಮ್ಮನಲ್ಲ, ಕೆಳಗಿನ ಮೂಲೆ ಮುಚ್ಚಿಕೊಂಡರೆ ಅಲ್ಲಿ ನೀರು ಸೇರುತ್ತದೆ, ನೀರು ಸೇರಿದರೆ ಜ್ವರ, ಜ್ವರ ಏರಿದರೆ ಅಂಗಾತ ಮಲಗಿದ ಮುದುಕಿ ಬೆಳಿಗ್ಗೆ ಏಳುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ, ಬಾಗಿಲಲ್ಲಿ ಕೊರೆದ ಅಂಚೆಯ ಸಂದಿಯಿಂದ ಪೇಪರು ಬಿದ್ದು ಬಿದ್ದು ರಾಶಿಯಾದ ಮೇಲೆ. ಹಾಗಾದರೆ ಗಾಡಿ ಬರಲಿ, ಹೋಗಿಬಿಡೋಣ, ವಾರ್ಡಿನಲ್ಲಿ ಕದ ಇಲ್ಲ, ಗಂಟೆ ಇಲ್ಲ, ಯಾರ ಮುಂದೂ ನಿಲ್ಲಬೇಕಾದ್ದಿಲ್ಲ, ಗಂಜಿ ತಾನಾಗಿ ಬರುತ್ತದೆ — ನೋಡೇ, ಯಾರೋ ಬಂದ್ರು, ಹೋಗಿ ನೋಡೇ — ಎಂದೂ ಬಾಗಿಲು ತೆರೆಯದ ಅಮ್ಮ ಹನ್ನೊಂದು ತಿಂಗಳು ಬಾಗಿಲನ್ನೇ ನೋಡುತ್ತ ಸತ್ತಳು. ಆರು, ಏಳು. ಐಲಾಗೆ ಏನಂತ ಹೇಳುವುದು, ನಿಮ್ಮ ಹೆಸರು ಬರೆಸಿದೀನಿ, ಫೋನಲ್ಲಿ ಒಂದು ನಿಮಿಷ ಇದೀನಿ ಅಂದ್ಬಿಡಿ ಸಾಕು. ಇದೀನಿ ಅಂದ್ಬಿಡಿ. ಯಾವ ಮುಖ ಇಟ್ಟುಕೊಂಡು. ಎಂಟು. ಅವಳು ತೆರೆಯದಿದ್ದರೆ ಸರಿಯೇ, ನ್ಯಾಯವೇ, ತಕ್ಕಡಿ ಸಮ. ಒಂಬತ್ತು. ಆಸ್ಪತ್ರೆಯಿಂದ ಬಂದ ದಿನ ಟ್ಯಾಕ್ಸಿಯವನು ಚೀಲ ಹೊತ್ತು ಮುಂದೆ, ಅವಳು ಮೆಟ್ಟಿಲಿಗೊಂದು ಸಲ ನಿಂತು ಹಿಂದೆ, ನಲವತ್ತಾರು ಮೆಟ್ಟಿಲು, ಮೇಲೆ ಬಂದಾಗ ಎದುರು ಬಾಗಿಲಲ್ಲಿ ಮಣಿ ಹೊಳೆಯುತ್ತಿತ್ತು, ಇವಳು ದಿಂಬನ್ನು ಎದೆಗೆ ಒತ್ತಿಕೊಂಡು ಕೆಮ್ಮಿದಳು, ಮಣಿ ಕಪ್ಪಾಯಿತು, ಟ್ಯಾಕ್ಸಿಯವನು ಹೋಗುವವರೆಗೂ ಕಪ್ಪಾಗಿಯೇ ಇತ್ತು, ಅಂದರೆ ಅವಳಿಗೆ ಗೊತ್ತು, ಐದು ದಿನದಿಂದ ಗೊತ್ತು, ಗಂಟೆಗೊಂದು ಸಲ ಈ ಗುಳುಗುಳು ಅಂಚೆಯ ಸಂದಿಯಿಂದ ಆಚೆಗೂ ಕೇಳಿಸುತ್ತದೋ ಏನೋ. ಹತ್ತು. ಹನ್ನೆರಡಕ್ಕೆ ಎಂಟು ನಿಮಿಷ. ಏಳುವುದಕ್ಕೆ ಕೈಯೂರಬಾರದು, ದಿಂಬನ್ನು ಅಪ್ಪಿಕೋ, ಕುರ್ಚಿಯ ಅಂಚಿಗೆ ಜರುಗು, ಮೂಗು ಮಂಡಿಯಿಂದ ಮುಂದೆ ಬರಲಿ, ಕಾಲಿನ ಬಲದಿಂದ, ಪಿಯಾಳ ದನಿ, ಏಳೋವಾಗ ಉಸಿರು ಬಿಡಿ, ಬಿಡಿ ಅಂದೆ. ಬಿಟ್ಟಳು. ಎದ್ದಳು. ಫೋನು ಮೇಜಿನ ಮೇಲೆ ಇರಲಿ.

ಬಾಗಿಲನ್ನು ಭುಜದಿಂದಲ್ಲ, ಸೊಂಟದಿಂದ ನೂಕಿದಳು, ಹೊರಡುವ ಮೊದಲು ಬಾಗಿಲ ಕಣ್ಣಿನಲ್ಲಿ ನೋಡಲಿಲ್ಲ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನೋಡದೆ ಹೊರಬಿದ್ದದ್ದು, ಮೆಟ್ಟಿಲ ಕಲ್ಲಿನ ತಂಪು ಪಾದಕ್ಕೆ ತಾಗಿದಾಗ ತಿಳಿಯಿತು, ಬೂಟಿಲ್ಲ, ಕಾಲುಚೀಲದಲ್ಲೇ ಬಂದಿದ್ದಾಳೆ, ಬೂಟು ಹಾಕಲು ಬಗ್ಗುವುದೂ ಅವಳಿಂದ ಆಗದು. ಒಂದು ಹೆಜ್ಜೆ, ಎರಡು, ಕೆಳಗೆಲ್ಲೋ ಯಾರೋ ಬಾಗಿಲ ಹಿಂದೆ ಇವಳು ಹೋಗಲಿ ಅಂತ ಕಾಯುತ್ತಿರಬಹುದು, ಕಾಯಲಿ, ಮೂರು, ನಾಲ್ಕು. ಕಂದು ಬಾಗಿಲು, ಅಂಚೆಯ ಸಂದಿಯ ಮೇಲೆ ಕೊರ್ಪೆಲಾ ಅಂತ ಹಿತ್ತಾಳೆ ಅಕ್ಷರ, ಅದರ ಮೇಲೆ ಮಣಿ, ಬೆಳಗುತ್ತಿದೆ, ಮಾರ್ಚಿನ ಬಿಸಿಲು ಒಳಗೆ ಎಲ್ಲಿಂದಲೋ ಬಂದು ಆ ಒಂದು ಹನಿಯಲ್ಲಿ ನಿಂತಿದೆ. ಗಂಟೆ ಒತ್ತಿದಳು. ಒಳಗೆ ಗಂಟೆ ಎಷ್ಟು ದೊಡ್ಡದಾಗಿ ಹೊಡೆಯುತ್ತದೆ, ಅವತ್ತು ನನ್ನ ಮನೆಯಲ್ಲೂ ಇಷ್ಟು ದೊಡ್ಡದಾಗಿ ಹೊಡೆದಿತ್ತೇ. ಏನೂ ಇಲ್ಲ. ಮೂಗಿನಿಂದ ಒಳಗೆ, ತುಟಿ ಕೂಡಿಸಿ ಹೊರಗೆ. ಎರಡನೆಯ ಸಲ. ನೆಲದ ಹಲಗೆಯೊಂದು ಕಿರುಗುಟ್ಟಿತು, ಹತ್ತಿರ, ಇನ್ನೂ ಹತ್ತಿರ, ಅಲ್ಲಿಗೆ ನಿಂತಿತು, ಮಣಿ ಆರಿತು. ಕಪ್ಪು. ಗಾಜಿನಲ್ಲಿ ಈಗ ತಾನು ಹೇಗೆ ಕಾಣುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತು, ಊದಿದ ಮುಖ, ಅರ್ಧ ತೆರೆದ ಬಾಯಿ, ಎದೆಗೊಂದು ದಿಂಬು, ಬಹಳ ಕೆಳಗೆ ಬಹಳ ದೂರದಲ್ಲಿ ಎರಡು ಪುಟ್ಟ ಕಾಲುಚೀಲ. ಫೋನಿನ ಮಾತು, ಹೆಟಾಳ ಮಾತು, ಒಂದು ನಿಮಿಷ ಸಾಕು ಅನ್ನುವ ಮಾತು, ಎಲ್ಲವನ್ನೂ ಜೋಡಿಸಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಬೇರೆ. ಐಲಾ. ಉಸಿರು ಸಾಲದು, ಎರಡೆರಡು ಮಾತಿಗೆ ನಿಲ್ಲಬೇಕು. ಅವತ್ತು ನಾನು. ಒಳಗೇ ಇದ್ದೆ. ಈ ಕಡೆ. ಬಾಗಿಲ ಹಿಂದೇನೇ ಇದ್ದೆ. ನೀನು ನೋಡ್ದೆ. ಅದೂ ನಂಗೊತ್ತು. ಮಾತು ಮೆಟ್ಟಿಲ ಗುಂಡಿಯಲ್ಲಿ ಇಳಿದು ಇಳಿದು ಹೋಯಿತು, ಎಲ್ಲ ಬಾಗಿಲಿಗೂ ಕೇಳಿಸಿರಬೇಕು, ಬೆನ್ನ ಹಿಂದೆ ತೆರೆದಿಟ್ಟ ಮನೆಯಲ್ಲಿ ಫೋನು ಹೊಡೆಯತೊಡಗಿತು, ಹನ್ನೆರಡು, ಹೆಟಾ ಮಾತಿಗೆ ತಪ್ಪುವವಳಲ್ಲ, ಹೊಡೆಯುತ್ತದೆ, ನಿಲ್ಲುತ್ತದೆ, ಹೊಡೆಯುತ್ತದೆ, ಸಿರ್ಕಾ ತಿರುಗಲಿಲ್ಲ. ಎರಡು ಸಲ ಒತ್ತಿಯಾಯಿತು. ಮೂರನೇ ಸಲ ಒತ್ತೋರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ ಕಣೇ. ಬೆರಳು ಗಂಟೆಯ ಗುಂಡಿಯ ಮೇಲಿದೆ, ಒತ್ತಿದಳು, ಒತ್ತಿಹಿಡಿದಳು, ಉಸಿರು ಬಿಡು, ಹಿಡಿಯಬೇಡ, ಬಿಡು, ಐಲಾ ಹೋಗಿದ್ದರೆ ಬೆಳಕು ವಾಪಸು ಬರಬೇಕಿತ್ತು, ಬಂದಿಲ್ಲ, ಹೋಗಿಲ್ಲ, ಒಂದು ಅಂಗುಲ ಮರದ ಆಚೆ ಹಿಡಿದ ಉಸಿರೊಂದು ನಿಂತಿದೆ, ಕಂದು ಬಾಗಿಲು, ಹಿತ್ತಾಳೆ ಅಕ್ಷರ, ಅದರ ಮೇಲೆ ಮಣಿ, ಕಪ್ಪು, ಇನ್ನೂ ಕಪ್ಪು, ಇನ್ನೂ —